ಚಿಮಣಿಯ ಜಿಡ್ಡು ಈಗ ಎಣ್ಣೆಯಾಗಿ ಉಳಿದಿಲ್ಲ

ಪ್ರಶ್ನೆ: ಅಡುಗೆಮನೆಗೆ ಚಿಮಣಿ ಹಾಕಿಸಿ ನಾಲ್ಕು ವರ್ಷವಾಯಿತು. ‘ಆಟೋ ಕ್ಲೀನ್’ ಇರುವ ಮಾದರಿ, ಕೈ ಹಚ್ಚುವ ಕೆಲಸವೇ ಇಲ್ಲ ಎಂದು ಮಾರಿದವರು ಹೇಳಿದ್ದರು. ವಾರಕ್ಕೊಮ್ಮೆ ತಪ್ಪದೆ ಗುಂಡಿ ಒತ್ತುತ್ತೇನೆ. ಆದರೂ ಒಳಗೆಲ್ಲ ಕಂದು ಬಣ್ಣದ ಅಂಟು, ಬೆರಳಿಟ್ಟರೆ ಹಿಡಿದುಕೊಳ್ಳುತ್ತದೆ. ಈಚೆಗೆ ಒಲೆಯ ಮೇಲೆ ಕಂದು ಹನಿ ಬೀಳುತ್ತಿದೆ. ಮೊನ್ನೆ ಸಾರಿನ ಪಾತ್ರೆಗೇ ಬಿತ್ತು. ನಿಂಬೆಹಣ್ಣು, ಅಡುಗೆ ಸೋಡಾ, ವಿನೆಗರ್ ಎಲ್ಲ ಹಾಕಿ ಉಜ್ಜಿದ್ದಕ್ಕೆ ರಟ್ಟೆ ನೋವು ಬಂತೇ ಹೊರತು ಅಂಟು ಬಿಡಲಿಲ್ಲ. ಕಾಸ್ಟಿಕ್ ಸೋಡಾ ಹಾಕು ಎಂದು ನಮ್ಮ ಅತ್ತೆ ಹೇಳುತ್ತಿದ್ದಾರೆ. ಹಾಕಬಹುದೇ? ಫಿಲ್ಟರ್ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ನನಗೆ ಗೊತ್ತಿಲ್ಲ.
– ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ಕಾಸ್ಟಿಕ್ ಸೋಡಾ ಬೇಡ. ನಿಮ್ಮ ಅತ್ತೆಯವರ ಯೋಚನೆಯ ದಿಕ್ಕು ಸರಿಯಾಗಿಯೇ ಇದೆ, ಜಿಡ್ಡಿಗೆ ಕ್ಷಾರವೇ ಮದ್ದು. ಆದರೆ ಲೋಹ ಯಾವುದೆಂದು ತಿಳಿಯದೆ ಅಷ್ಟು ತೀಕ್ಷ್ಣವಾದ ಕ್ಷಾರಕ್ಕೆ ಕೈ ಹಾಕುವುದು ಬೇಡ. ಏಕೆ ಎಂಬುದಕ್ಕೆ ನನ್ನದೇ ಒಂದು ಕಥೆ ಇದೆ, ಮುಂದೆ ಹೇಳುತ್ತೇನೆ. ಮೊದಲು ನೀವು ಉಜ್ಜಿ ಉಜ್ಜಿ ಸೋತದ್ದು ಯಾವುದರ ಎದುರು ಎಂಬುದನ್ನು ನೋಡೋಣ.

ಒಗ್ಗರಣೆಗೆ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕುತ್ತೀರಿ. ಚಟಚಟ ಸದ್ದು ಬರುತ್ತದೆ. ಎಲೆಯ ನೀರು ಒಮ್ಮೆಲೇ ಆವಿಯಾಗಿ ಸುತ್ತಲಿನ ಎಣ್ಣೆಯನ್ನು ಸೀಳಿಕೊಂಡು ಹೊರಗೆ ಹಾರುತ್ತದೆ. ದೊಡ್ಡ ಹನಿ ಒಲೆಯ ಮೇಲೆ, ಗೋಡೆಯ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ಹಬೆಯ ಜೊತೆ ಮೇಲಕ್ಕೆ ಏರುತ್ತದೆ. ಚಿಮಣಿ ಎಳೆದುಕೊಳ್ಳುವುದು ಈ ಸಣ್ಣ ಹನಿಗಳನ್ನು. ಅವು ಫಿಲ್ಟರಿಗೆ ಬಡಿದು ಕೂತ ದಿನ ಬರೀ ಎಣ್ಣೆ. ಬಿಸಿನೀರು, ಪಾತ್ರೆ ತೊಳೆಯುವ ದ್ರಾವಣ ಮುಟ್ಟಿಸಿದರೆ ಹೋಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಬಿಸಿ ಮತ್ತು ಗಾಳಿ ಸೇರಿ ಅದನ್ನು ಬೇರೆಯೇ ವಸ್ತುವನ್ನಾಗಿ ಮಾಡುತ್ತವೆ. ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಮೊದಲು ಬೆಲ್ಲದ ಪಾಕದಂತೆ, ಆಮೇಲೆ ಅರಗಿನಂತೆ ಆಗುತ್ತದೆ. ಬಡಗಿಗಳು ತೇಗದ ಬಾಗಿಲಿಗೆ ಅಗಸೆ ಎಣ್ಣೆ ಬಳಿದು ಒಣಗಿಸುವುದನ್ನು ನೋಡಿದ್ದೀರಲ್ಲ? ದೋಸೆ ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತೀರಲ್ಲ? ಅಲ್ಲೆಲ್ಲ ನಾವು ಬೇಕೆಂದೇ ಹಿಡಿಸುವ ಪದರವೇ ಚಿಮಣಿಯೊಳಗೆ ಬೇಡವಾದರೂ ಹಿಡಿದಿದೆ. ನಾಲ್ಕು ವರ್ಷದ ಜಿಡ್ಡು ಎಂದರೆ ಒಂದು ಬಗೆಯ ವಾರ್ನಿಷ್. ನಿಂಬೆ ಹಿಂಡಿ ಕಾವಲಿಯ ಪದರವನ್ನು ಒಂದೇ ದಿನದಲ್ಲಿ ತೆಗೆದವರನ್ನು ನಾನು ನೋಡಿಲ್ಲ.

ಯಾವ ಎಣ್ಣೆಯಲ್ಲಿ ಅಡುಗೆ ಮಾಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೂರ್ಯಕಾಂತಿ ಎಣ್ಣೆ ಬೇಗ ಅಂಟಾಗುವ ಜಾತಿ, ಕಡಲೆಕಾಯಿ ಎಣ್ಣೆ ಅದಕ್ಕಿಂತ ನಿಧಾನ. ಕರಾವಳಿಯ ಮನೆಗಳ ತೆಂಗಿನೆಣ್ಣೆ ಸುಲಭಕ್ಕೆ ಹೀಗೆ ಬದಲಾಗುವುದಿಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಮೇಣದಂತೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಬಿಸಿನೀರು ತಾಗಿದರೆ ಇಳಿದುಹೋಗುತ್ತದೆ. ಮಂಗಳೂರಿನ ನೆಂಟರು ‘ನಮ್ಮ ಚಿಮಣಿ ಬರೀ ಬಿಸಿನೀರಿಗೆ ಶುಚಿಯಾಗುತ್ತದೆ’ ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ನಿಮ್ಮ ಊರಿನ ಅಡುಗೆಮನೆಯ ಕಥೆ ಬೇರೆ.

ಇನ್ನು ನೀವು ಹಾಕಿದ ವಸ್ತುಗಳ ವಿಚಾರ. ನಿಂಬೆ, ವಿನೆಗರ್ ಎರಡೂ ಹುಳಿ. ಹುಳಿಗೆ ಕೊಡದ ಕಿಲುಬು ಬಿಡಿಸುವುದು ಗೊತ್ತು, ಗೀಸರಿನ ಸುಣ್ಣ ಕರಗಿಸುವುದು ಗೊತ್ತು. ಜಿಡ್ಡಿನ ಮುಂದೆ ಅದರ ಆಟ ನಡೆಯುವುದಿಲ್ಲ. ಅಡುಗೆ ಸೋಡಾ ಕ್ಷಾರವೇ, ಆದರೆ ತೀರಾ ಸೌಮ್ಯ. ವಿನೆಗರ್ ಮತ್ತು ಸೋಡಾ ಸೇರಿದಾಗ ನೊರೆ ಉಕ್ಕುವುದನ್ನು ಕಂಡು ಏನೋ ನಡೆಯುತ್ತಿದೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅಲ್ಲಿ ನಡೆಯುವುದು ಎರಡೂ ಒಂದನ್ನೊಂದು ಕೊಂದುಕೊಳ್ಳುವ ಕೆಲಸ. ನೊರೆ ಇಳಿದ ಮೇಲೆ ಉಳಿಯುವುದು ಉಪ್ಪಿನಂಥದೊಂದು ಕರಗಿದ ನೀರು. ಇಂಥ ವಿಡಿಯೊ ಮಾಡುವವರು ಹಿಂದಿನ ದಿನವಷ್ಟೇ ಜಿಡ್ಡು ಹಿಡಿದ ಫಿಲ್ಟರನ್ನು ತೊಳೆದು ತೋರಿಸುತ್ತಾರೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

ಕೆಲಸಕ್ಕೆ ಬರುವುದು ವಾಷಿಂಗ್ ಸೋಡಾ, ಬಟ್ಟೆ ಒಗೆಯುವ ಸೋಡಾ ಎಂದು ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಕ್ಷಾರದ ತೀಕ್ಷ್ಣತೆ ಅಳೆಯುವ ಪಿಎಚ್ ಮಾಪಕದಲ್ಲಿ ಅಡುಗೆ ಸೋಡಾದ ನೀರು 8ರ ಆಸುಪಾಸಿನಲ್ಲಿ, ವಾಷಿಂಗ್ ಸೋಡಾದ ನೀರು 11ರ ಸುತ್ತ, ಕಾಸ್ಟಿಕ್ ಸೋಡಾ 13–14ರಲ್ಲಿ ನಿಲ್ಲುತ್ತದೆ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ ಎಂಬುದನ್ನು ನೆನಪಿಡಿ. ಕ್ಷಾರ ಮಾಡುವ ಕೆಲಸ ಸರಳವಾದದ್ದು. ಜಿಡ್ಡನ್ನು ಕಡಿದು ಅದನ್ನೇ ಸಾಬೂನಾಗಿಸುತ್ತದೆ, ಆ ಸಾಬೂನು ಮಿಕ್ಕ ಜಿಡ್ಡನ್ನು ಎಬ್ಬಿಸುತ್ತದೆ. ನಮ್ಮ ಅಜ್ಜಿಯರು ಎಣ್ಣೆ ಪಾತ್ರೆಗೆ ಒಲೆಯ ಬೂದಿ ಹಾಕಿ ತಿಕ್ಕುತ್ತಿದ್ದುದು, ಅಗಸರು ಬಟ್ಟೆಗೆ ಚೌಳು ಮಣ್ಣು ಬಳಸುತ್ತಿದ್ದುದು ಇದೇ ಕಾರಣಕ್ಕೆ. ಎರಡರಲ್ಲೂ ಇರುವುದು ಕ್ಷಾರ.

ಈಗ ಆ ಕಥೆ. ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಹುಬ್ಬಳ್ಳಿಯ ಒಂದು ಮನೆಗೆ ಹೋಗಿದ್ದೆ. ಹಳೆಯ ಮಾದರಿಯ ಚಿಮಣಿ, ಪದರ ಪದರವಾಗಿ ಜಾಲರಿ ಇರುವ ಫಿಲ್ಟರ್. ಜಿಡ್ಡು ಎಷ್ಟಿತ್ತೆಂದರೆ ಜಾಲರಿಯ ಕಣ್ಣುಗಳೆಲ್ಲ ಮುಚ್ಚಿ ಹಲಗೆಯಂತಾಗಿತ್ತು. ಬಕೆಟ್ ಬಿಸಿನೀರಿಗೆ ಎರಡು ಹಿಡಿ ಕಾಸ್ಟಿಕ್ ಸೋಡಾ ಹಾಕಿ ಅದರಲ್ಲಿ ಮುಳುಗಿಸಿಟ್ಟು ಚಹಾ ಕುಡಿಯಲು ಕೂತೆ. ಬಕೆಟ್ಟಿನಿಂದ ಸೋಡಾ ಬಾಟಲಿ ಒಡೆದಂಥ ಸದ್ದು ಬರತೊಡಗಿತು. ಜಿಡ್ಡು ಬಿಡುತ್ತಿದೆ ಎಂದು ಖುಷಿಪಟ್ಟೆ. ಎದ್ದು ನೋಡಿದರೆ ನೀರು ಮಸಿಯಂತೆ ಕಪ್ಪಾಗಿತ್ತು. ಜಾಲರಿಯನ್ನು ಎತ್ತಿದರೆ ಅಂಚಿನಲ್ಲಿ ಹಪ್ಪಳದಂತೆ ಮುರಿದು ಕೈಗೆ ಬಂತು. ಅದು ಅಲ್ಯೂಮಿನಿಯಂ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲವನ್ನು ಬಿಡುತ್ತಿತ್ತು. ನಾನು ಕೇಳಿಸಿಕೊಂಡ ಸದ್ದು ಅದರದು. ಪಕ್ಕದಲ್ಲೇ ಒಲೆ ಉರಿಯುತ್ತಿದ್ದಿದ್ದರೆ ಏನಾಗುತ್ತಿತ್ತೋ. ಮನೆಯಾಕೆ ಬೈಯಲಿಲ್ಲ, ‘ಕೊಳೆ ತೆಗೆಯಲು ಕರೆದರೆ ಜಾಲರಿಯನ್ನೇ ತೆಗೆದುಬಿಟ್ಟಿರಲ್ಲಪ್ಪಾ’ ಎಂದರು ಅಷ್ಟೆ. ಹೊಸ ಜಾಲರಿಯ ದುಡ್ಡು ನನ್ನ ಸಂಬಳದಿಂದ ಹೋಯಿತು.

ಹಾಗಾಗಿ ಮೊದಲು ಲೋಹ ಯಾವುದೆಂದು ನೋಡಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತದ ಗೊಂಬೆಯನ್ನು ತಂದು ಫಿಲ್ಟರಿಗೆ ಹಿಡಿಯಿರಿ. ಕಚ್ಚಿಕೊಂಡರೆ ಅದು ಖಂಡಿತ ಅಲ್ಯೂಮಿನಿಯಂ ಅಲ್ಲ. ಕಚ್ಚದಿದ್ದರೆ ಮಾತ್ರ ಅನುಮಾನ, ಏಕೆಂದರೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಬಗೆಗಳಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಆಗ ಕೈಯಲ್ಲಿ ಎತ್ತಿ ನೋಡಿ. ಸ್ಟೀಲಿಗೆ ಅಲ್ಯೂಮಿನಿಯಮ್ಮಿನ ಹೆಚ್ಚುಕಡಿಮೆ ಮೂರು ಪಟ್ಟು ತೂಕ. ಉದ್ದುದ್ದ ಪಟ್ಟಿಗಳನ್ನು ಬಾಗಿಸಿ ಜೋಡಿಸಿದಂತೆ ಇರುವ ಭಾರದ ಫಿಲ್ಟರನ್ನು ಬ್ಯಾಫಲ್ ಎನ್ನುತ್ತಾರೆ, ಅದು ಸಾಮಾನ್ಯವಾಗಿ ಸ್ಟೀಲಿನದು. ಹಗುರವಾದ ಜಾಲರಿಯಾದರೆ ಬಹುಪಾಲು ಅಲ್ಯೂಮಿನಿಯಂ. ಆಮೇಲೂ ಅನುಮಾನ ಉಳಿದರೆ ಅಲ್ಯೂಮಿನಿಯಂ ಎಂದೇ ತಿಳಿದು ನಡೆಯಿರಿ, ನಷ್ಟವಿಲ್ಲ. ನಿಮ್ಮ ಚಿಮಣಿಯ ಒಳಗೆ ಕಪ್ಪು ಬಣ್ಣದ ಇದ್ದಿಲಿನ ಫಿಲ್ಟರ್ ಕೂಡ ಇದ್ದರೆ ಅದು ಕೊಳವೆಯಿಲ್ಲದ ಮಾದರಿ. ಇದ್ದಿಲನ್ನು ತೊಳೆಯಲು ಬರುವುದಿಲ್ಲ, ಬದಲಿಸಲೇಬೇಕು.

ಸ್ಟೀಲಿನದೇ ಎಂದು ಖಚಿತವಾದರೆ ದಾರಿ ಸುಲಭ. ಚಿಮಣಿಯ ಪ್ಲಗ್ ಕೀಳಿರಿ, ಗುಂಡಿ ಆರಿಸಿದರೆ ಸಾಲದು. ಒಲೆಯ ಮೇಲೆ ಹಳೆಯ ಪತ್ರಿಕೆಗಳನ್ನು ದಪ್ಪವಾಗಿ ಹಾಸಿ ಫಿಲ್ಟರ್‌ಗಳನ್ನು ಇಳಿಸಿ. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ನೀರು ಹತ್ತು ಲೀಟರ್ ಬೇಕು. ಗೀಸರಿನ ನೀರು ಸಾಲುವುದಿಲ್ಲ, ಒಲೆಯ ಮೇಲೆ ಕಾಯಿಸಿದ್ದನ್ನು ಬೆರೆಸಿಕೊಳ್ಳಿ. ಅದಕ್ಕೆ ನೂರು ಗ್ರಾಂನಷ್ಟು ವಾಷಿಂಗ್ ಸೋಡಾ, ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರಾವಣ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಲೂಬಾರದು. ಪ್ಲಾಸ್ಟಿಕ್ ಟಬ್ಬು ಒಳ್ಳೆಯದು. ಕೈಗೆ ರಬ್ಬರ್ ಗ್ಲೌಸ್ ಇರಲಿ. ಟಬ್ಬಿನಲ್ಲಿ ಫಿಲ್ಟರ್ ಹಿಡಿಸದಿದ್ದರೆ ಅರ್ಧ ಮುಳುಗಿಸಿ, ಆಮೇಲೆ ತಲೆಕೆಳಗು ಮಾಡಿ. ಮುಕ್ಕಾಲು ಗಂಟೆ ಬಿಟ್ಟು ನೋಡಿ. ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಮೇಲೆ ಹೆಪ್ಪು ಹೆಪ್ಪಾಗಿ ಕಂದು ಕೆನೆ ತೇಲುತ್ತಿರುತ್ತದೆ. ಬ್ರಷ್ಷನ್ನು ಪಟ್ಟಿಗಳ ಸಂದಿಗೆ ಹಾಕಿ ಎಳೆದರೆ ಅಂಟು ಹಾವಿನ ಪೊರೆಯಂತೆ ಬಿಟ್ಟುಕೊಂಡು ಬರಬೇಕು. ಬಾರದಿದ್ದರೆ ಉಜ್ಜುವ ಜೋರು ಹೆಚ್ಚಿಸಬೇಡಿ. ಆ ನೀರು ಚೆಲ್ಲಿ ಹೊಸ ಬಿಸಿನೀರು, ಹೊಸ ಸೋಡಾ, ಇನ್ನೊಂದು ಮುಕ್ಕಾಲು ಗಂಟೆ. ನಾಲ್ಕು ವರ್ಷದ ಪದರಕ್ಕೆ ಎರಡು ಮೂರು ಸುತ್ತು ಬೇಕಾಗಬಹುದು. ಬಿಸಿ, ಕ್ಷಾರ, ಹೊತ್ತು ಈ ಮೂರಕ್ಕೆ ಕೆಲಸ ಬಿಡಿ, ನಿಮ್ಮ ರಟ್ಟೆಗೆ ರಜೆ ಕೊಡಿ.

ಮನೆಯಲ್ಲಿ ಅಡುಗೆ ಸೋಡಾ ಬಿಟ್ಟು ಬೇರೇನೂ ಇಲ್ಲವೆಂದಾದರೆ ಅದನ್ನೇ ಸ್ಟೀಲ್ ಪಾತ್ರೆಯ ನೀರಿಗೆ ಹಾಕಿ ಚೆನ್ನಾಗಿ ಕುದಿಸಿ. ಕುದಿಯುವಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಒಂದಷ್ಟು ಪಾಲು ವಾಷಿಂಗ್ ಸೋಡಾ ಆಗುತ್ತದೆ. ತಣ್ಣೀರಿಗೆ ಹಾಕಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಿಮ್ಮ ಕಡೆ ಬೋರ್‌ವೆಲ್ ನೀರು ಬಳಸುವವರು ಇನ್ನೊಂದನ್ನು ಗಮನಿಸಬೇಕು. ಗಡಸು ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಫಿಲ್ಟರಿನ ಮೇಲೆ ಬೆಳ್ಳಗೆ ಪುಡಿಯಂತೆ ಉಳಿಯುತ್ತದೆ. ಜಿಡ್ಡು ಹೋಗಲಿಲ್ಲ ಎಂದು ಮತ್ತೆ ಸೋಡಾ ಹಾಕಬೇಡಿ, ಅದು ನೀರಿನ ಸುಣ್ಣ ಮತ್ತು ಸಾಬೂನು ಸೇರಿ ಆದದ್ದು. ನಿಮ್ಮ ವಿನೆಗರಿಗೆ ಈಗ ಕೆಲಸ ಬಂತು: ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ, ನೀರಿನಲ್ಲಿ ಜಾಲಾಡಿಸಿ.

ಅಲ್ಯೂಮಿನಿಯಂ ಜಾಲರಿಯಾದರೆ ವಾಷಿಂಗ್ ಸೋಡಾ ಕೂಡ ಬೇಡ, ಕಪ್ಪಾಗುತ್ತದೆ. ಕೈ ತಾಳದಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರಾವಣ ಧಾರಾಳವಾಗಿ ಹಾಕಿ ಕಾಲು ಗಂಟೆ ನೆನೆಸಿ, ಮೆತ್ತನೆಯ ಬ್ರಷ್ಷಿನಲ್ಲಿ ತಟ್ಟಿ ತಟ್ಟಿ ತೊಳೆದು, ಮತ್ತೆ ನೆನೆಸಿ. ತೀರಾ ಹಲಗೆಯಂತಾಗಿದ್ದರೆ ಹೊಸದು ಕೊಳ್ಳುವುದೇ ವಾಸಿ. ಅಂಗಡಿಯಲ್ಲಿ ಸಿಗುವ ಚಿಮಣಿ ಸ್ಪ್ರೇಗಳ ಡಬ್ಬಿಯನ್ನೂ ಓದಿ. ಸೋಡಿಯಂ ಹೈಡ್ರಾಕ್ಸೈಡ್ ಎಂದು ಬರೆದಿದ್ದರೆ ಅದು ಕಾಸ್ಟಿಕ್ ಸೋಡಾವೇ, ಹೆಸರಷ್ಟೇ ಬೇರೆ.

ತೊಳೆದ ನೀರನ್ನು ಬಿಸಿಯಿರುವಾಗಲೇ ಸಿಂಕಿಗೆ ಸುರಿದರೆ ಪೈಪಿನ ಬಾಗಿನಲ್ಲಿ ತಣ್ಣಗಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಚಿಮಣಿಯ ತೊಂದರೆ ಪ್ಲಂಬರನ ತೊಂದರೆಯಾಗುತ್ತದೆ. ಆರಲು ಬಿಟ್ಟು, ಮೇಲೆ ತೇಲುವ ಜಿಡ್ಡನ್ನು ಪತ್ರಿಕೆಯ ಹಾಳೆಯಿಂದ ತೆಗೆದು ಕಸಕ್ಕೆ ಹಾಕಿ, ಉಳಿದ ನೀರು ಚೆಲ್ಲಿ.

ಒಳಗಿನ ಗೋಡೆಗಳಿಗೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ. ಮೇಲೆ ಮೋಟಾರು, ತಂತಿಗಳಿವೆ. ಬಟ್ಟೆಯನ್ನು ಅದೇ ಬಿಸಿ ದ್ರಾವಣದಲ್ಲಿ ಅದ್ದಿ ಹಿಂಡಿ, ಜಿಡ್ಡಿನ ಮೇಲೆ ಹತ್ತು ನಿಮಿಷ ಪಟ್ಟಿಯಂತೆ ಒತ್ತಿಟ್ಟು ಆಮೇಲೆ ಒರೆಸಿ. ಜ್ವರಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತೇವಲ್ಲ, ಹಾಗೆ. ಹೊರಗಿನ ಸ್ಟೀಲನ್ನು ಅದರ ಗೆರೆಗಳು ಓಡುವ ದಿಕ್ಕಿನಲ್ಲೇ ಒರೆಸಬೇಕು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಹತ್ತಿರ ಸುಳಿಯಗೊಡಬೇಡಿ. ಗೀರು ಬೀಳುವುದಲ್ಲದೆ ಅದರ ಚೂರುಗಳು ಉಳಿದು ತುಕ್ಕಿನ ಚುಕ್ಕೆಗಳಾಗುತ್ತವೆ. ಸೀಮೆಎಣ್ಣೆ, ಥಿನ್ನರ್ ಹಾಕಿ ಒರೆಸುವವರನ್ನೂ ಕಂಡಿದ್ದೇನೆ. ಒಲೆಯ ಮೇಲಿರುವ ಯಂತ್ರಕ್ಕೆ ಅದನ್ನು ಬಳಿಯುವ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಬ್ಲೀಚನ್ನೂ ಒಟ್ಟಿಗೆ ಬಳಸುವುದಂತೂ ವಿಷಾನಿಲವನ್ನು ಮನೆಗೆ ಕರೆದಂತೆ.

ಚಿಮಣಿಯ ಪಕ್ಕದ ಕಪಾಟುಗಳ ಬಾಗಿಲಿಗೂ ತೆಳ್ಳಗೆ ಇಂಥದೇ ಅಂಟು ಹಿಡಿದಿರುತ್ತದೆ. ಸನ್‌ಮೈಕಕ್ಕೂ ಬಣ್ಣಕ್ಕೂ ಕ್ಷಾರ ಒಳ್ಳೆಯದಲ್ಲ. ಅಲ್ಲಿ ಹಲಸಿನಹಣ್ಣು ಬಿಡಿಸುವವರ ಉಪಾಯ ಮಾಡಿ. ಮೇಣ ಅಂಟಬಾರದೆಂದು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುತ್ತೇವೆ, ಅಂಟಿದ ಮೇಣವೂ ಎಣ್ಣೆಗೇ ಬಿಡುತ್ತದೆ. ಹಾಗೆಯೇ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಕಪಾಟಿನ ಅಂಟನ್ನು ನಿಧಾನವಾಗಿ ತಿಕ್ಕಿದರೆ ಹಳೆಯದು ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಆಮೇಲೆ ಸಾಬೂನು ನೀರಿನಲ್ಲಿ ಒರೆಸಿ. ಹೊಸ ಎಣ್ಣೆಯನ್ನು ಅಲ್ಲೇ ಬಿಟ್ಟರೆ ಮತ್ತೆ ಅದೇ ಕಥೆ.

ಆಟೋ ಕ್ಲೀನ್ ಬಗ್ಗೆ ಮಾರಿದವರು ಅರ್ಧ ಸತ್ಯ ಹೇಳಿದ್ದಾರೆ. ಹೊಗೆ ಎಳೆಯುವ ಫ್ಯಾನು, ಅಂದರೆ ಬ್ಲೋವರಿನ ಸುತ್ತ ಒಂದು ಬಿಸಿಯಾಗುವ ಸುರುಳಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಕಾದು ಅಲ್ಲಿನ ಎಣ್ಣೆಯನ್ನು ಕರಗಿಸಿ ಕೆಳಗಿನ ಎಣ್ಣೆ ಬಟ್ಟಲಿಗೆ ಇಳಿಸುತ್ತದೆ. ಕರಗುವುದು ಹೊಸ ಎಣ್ಣೆ ಮಾತ್ರ. ಅರಗಾದದ್ದು ಆ ಬಿಸಿಗೆ ಇಳಿಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಫಿಲ್ಟರ್, ಹೊದಿಕೆಯ ಒಳಗೋಡೆ, ಹೊರಗೆ ಹೋಗುವ ಕೊಳವೆ ಇವು ಯಾವುವೂ ಆ ಸುರುಳಿಯ ಅಳವಿನಲ್ಲಿಲ್ಲ. ಆ ಗುಂಡಿ ಒತ್ತುತ್ತಲೇ ಇರಿ, ಆದರೆ ಅದನ್ನು ನಂಬಿ ಕೂರಬೇಡಿ. ಬಟ್ಟಲನ್ನು ಕಡೆಯ ಬಾರಿ ಖಾಲಿ ಮಾಡಿದ್ದು ಯಾವಾಗ ಎಂದು ನಿಮ್ಮ ಪತ್ರದಲ್ಲಿ ಇಲ್ಲ. ಅಂಥ ಬಟ್ಟಲೊಂದಿದೆ ಎಂಬುದೇ ತಿಳಿಯದ ಮನೆಗಳು ಬಹಳ.

ಸಾರಿಗೆ ಬಿದ್ದ ಹನಿಯ ಹಿಂದೆ ಬಹುಶಃ ಅದೇ ಇದೆ. ಮೊದಲು ಬಟ್ಟಲು ತುಂಬಿದೆಯೇ, ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಆಮೇಲೆ ಬ್ಯಾಫಲ್ ಫಿಲ್ಟರಿನ ಒಂದು ಅಂಚಿನಲ್ಲಿ ಎಣ್ಣೆ ಇಳಿಯಲು ಸಣ್ಣ ತೂತುಗಳಿದ್ದರೆ ಆ ಅಂಚು ತಗ್ಗಿನ ಕಡೆಗೆ, ಬಟ್ಟಲಿನತ್ತ ಇರಬೇಕು. ತೊಳೆದು ಹಾಕುವಾಗ ತಿರುಗಿಸಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಎರಡೂ ಸರಿಯಿದ್ದು ಹನಿ ನಿಲ್ಲದಿದ್ದರೆ ಹೊರಗೆ ಹೋಗುವ ಕೊಳವೆಯನ್ನು ನೋಡಬೇಕು. ಕೊಳವೆ ಹೊರಗಿನ ಕಡೆಗೆ ತುಸು ಇಳಿಜಾರಾಗಿರಬೇಕು. ಮನೆಯ ಕಡೆಗೆ ವಾಲಿದ್ದರೆ ಅನ್ನ, ಬೇಳೆ ಬೇಯಿಸಿದ ಹಬೆ ಅದರೊಳಗೆ ನೀರಾಗಿ, ಜಿಡ್ಡನ್ನು ತೊಳೆದುಕೊಂಡು ವಾಪಸು ನಿಮ್ಮ ಒಲೆಯ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ಹೆಚ್ಚು. ಅದನ್ನು ಸರಿಪಡಿಸುವುದು ಅಳವಡಿಸಿದವರ ಕೆಲಸ.

ಬ್ಲೋವರನ್ನು ನೀವೇ ಬಿಚ್ಚಲು ಹೋಗಬೇಡಿ. ಅನೇಕ ಮಾದರಿಗಳಲ್ಲಿ ಅದರ ನಟ್ಟು ಉಲ್ಟಾ ತಿರುಗುತ್ತದೆ. ಬಿಚ್ಚುತ್ತಿದ್ದೇನೆ ಎಂದು ಬಿಗಿ ಮಾಡಿ ಮುರಿದವರಿದ್ದಾರೆ. ರೆಕ್ಕೆಗಳ ಮೇಲೆ ಜಿಡ್ಡು ಒಂದೇ ಕಡೆ ಉಳಿದರೆ ಅದು ತೂಕ ತಪ್ಪಿ ಗಡಗಡ ಸದ್ದು ಮಾಡುತ್ತದೆ. ಮೆಕ್ಯಾನಿಕ್ ಬಂದಾಗ ಬ್ಲೋವರ್ ಇಳಿಸಿ ತೊಳೆಯಲು ಹೇಳಿ, ಕೊಳವೆಯ ಬಾಯಲ್ಲಿರುವ ಪ್ಲಾಸ್ಟಿಕ್ ಮುಚ್ಚಳ ಸರಾಗವಾಗಿ ತೆರೆದು ಮುಚ್ಚುತ್ತದೆಯೇ ಎಂದು ಬೆರಳಿನಿಂದ ಆಡಿಸಿ ತೋರಿಸಲು ಕೇಳಿ. ಅದು ಜಿಡ್ಡಿಗೆ ಅಂಟಿ ಮುಚ್ಚಿಕೊಂಡಿದ್ದರೆ ಮೋಟಾರು ಎಷ್ಟು ಅರಚಿದರೂ ಹೊಗೆ ಹೋಗುವುದಿಲ್ಲ. ಹೊಸ ಚಿಮಣಿ ಕೊಳ್ಳಿ ಎಂದು ಹೇಳಿಸಿಕೊಂಡ ಎಷ್ಟೋ ಮನೆಗಳಲ್ಲಿ ನಾನು ಮಾಡಿದ್ದು ಈ ಮುಚ್ಚಳ ಬಿಡಿಸಿದ್ದಷ್ಟೆ.

ಇನ್ನು ಮೇಲೆ ಎಷ್ಟು ದಿನಕ್ಕೊಮ್ಮೆ ಎಂದರೆ, ದಿನವೂ ಎರಡು ಹೊತ್ತು ಒಗ್ಗರಣೆ ಬೀಳುವ ಮನೆಯಲ್ಲಿ ಬ್ಯಾಫಲ್ಲಿಗೆ ಮೂರು ವಾರಕ್ಕೊಮ್ಮೆ, ಜಾಲರಿಗೆ ಹತ್ತು ದಿನಕ್ಕೊಮ್ಮೆ. ಮಿರ್ಚಿ, ಮಂಡಕ್ಕಿ ಜೊತೆ ಸಂಜೆಗಳು ಹೆಚ್ಚಿದ್ದರೆ ಇನ್ನೂ ಬೇಗ. ಆ ಅವಧಿಯಲ್ಲಿ ಅದು ಇನ್ನೂ ಎಣ್ಣೆಯಾಗಿಯೇ ಇರುವುದರಿಂದ ಅರ್ಧ ಗಂಟೆಯ ಕೆಲಸ. ಒಲೆ ಹಚ್ಚುವ ಮೊದಲೇ ಚಿಮಣಿ ಹಾಕಿ, ಆರಿಸಿದ ಮೇಲೆ ಹತ್ತು ನಿಮಿಷ ಓಡಲು ಬಿಡಿ. ಬಾಣಲೆಯ ಎಣ್ಣೆಗೆ ಎಂದಾದರೂ ಬೆಂಕಿ ಹತ್ತಿದರೆ ಮಾತ್ರ ಒಲೆಯ ಜೊತೆ ಚಿಮಣಿಯನ್ನೂ ತಕ್ಷಣ ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಬೇಕು, ನೀರು ಹಾಕಬಾರದು. ಓಡುತ್ತಿರುವ ಚಿಮಣಿ ಆ ಜ್ವಾಲೆಯನ್ನು ಜಿಡ್ಡು ತುಂಬಿದ ಕೊಳವೆಗೆ ಎಳೆದುಕೊಳ್ಳುತ್ತದೆ.

ತೊಳೆದ ಫಿಲ್ಟರ್ ಪೂರ್ತಿ ಒಣಗಿದ ಮೇಲೆ ಜೋಡಿಸಿ, ಚಿಮಣಿ ಹಾಕಿ, ಪತ್ರಿಕೆಯ ಒಂದು ಹಾಳೆಯನ್ನು ಕೆಳಗಿನಿಂದ ಫಿಲ್ಟರಿಗೆ ತಾಗಿಸಿ ಕೈ ಬಿಡಿ. ಅಂಟಿಕೊಂಡು ನಿಂತರೆ ಎಳೆತ ಸರಿಯಿದೆ. ಬಿದ್ದರೆ ತೊಂದರೆ ಫಿಲ್ಟರಿನಲ್ಲಿಲ್ಲ, ಬ್ಲೋವರಿನಲ್ಲೋ ಕೊಳವೆಯಲ್ಲೋ ಇದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡುವಾಗ ಇದನ್ನೇ ಹೇಳಿ.